ಜಾಲಪುಟದ ತಃಖ್ತೆಗಳು: ಕಣ್ಣು ಕಾಣದವರಿಗೂ ತಿಳಿಯುವಂತೆ ರಚಿಸುವ ಕ್ರಮ

ಬೆಳೆದ ಧಾನ್ಯವನ್ನು ಯಾವ ದಿವಸ ಯಾವ ಪೇಟೆಗೆ ಸಾಗಿಸತಕ್ಕದ್ದೆಂಬುದನ್ನು ನಿಶ್ಚಯಿಸುವುದು ಉಳುವ ಬಿತ್ತುವ ಕೆಲಸಗಳಿಗಿಂತ ಕಡಮೆಯದಲ್ಲ. ಪೂರ್ವದಲ್ಲಿ ಪೇಟೆಯ ಧಾರಣೆಯನ್ನು ತಿಳಿಯಬೇಕಾದರೆ ಸಂತೆಗೆ ಹೋಗಿ ಬಂದವರನ್ನು ವಿಚಾರಿಸಬೇಕಾಗಿದ್ದಿತು. ಇಲ್ಲವೆ ಮಂಡಿಯವರು ಹೇಳಿದ ಮಾತನ್ನೇ ನಂಬಬೇಕಾಗಿದ್ದಿತು. 2000ನೇ ಇಸವಿಯಲ್ಲಿ ಭಾರತ ಸರ್ಕಾರದವರು ಆಗ್‌ಮಾರ್ಕ್‌ನೆಟ್ ಎಂಬ ಜಾಲತಾಣವನ್ನು ಆರಂಭಿಸಿದಂದಿನಿಂದ ದೇಶದ ಮಾರುಕಟ್ಟೆಗಳ ಧಾರಣೆಯು ಅಂತರಜಾಲದಲ್ಲಿ ಪ್ರಕಟವಾಗುತ್ತ ಬಂದಿದೆ. ಕರ್ನಾಟಕದಲ್ಲಿ ಕೃಷಿ ಮಾರಾಟ ವಾಹಿನಿಯೆಂಬ ಜಾಲತಾಣವೂ ಇದೇ ಉದ್ದೇಶದಿಂದ ಏರ್ಪಟ್ಟದ್ದು. ಈಚೆಗೆ ಸಹಕಾರ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು, ಕೆಲವು ಗ್ರಾಮ ಪಂಚಾಯಿತಿಗಳು ಸಹ ತಮ್ಮವೇ ಆದ ಜಾಲಪುಟಗಳನ್ನು ಇಟ್ಟುಕೊಂಡು, ಧಾರಣೆ, ಮಳೆಯ ಪ್ರಮಾಣ, ಬೀಜ ಗೊಬ್ಬರಗಳ ದಾಸ್ತಾನು, ಯಂತ್ರಗಳ ಬಾಡಿಗೆ ದರ ಮೊದಲಾದವನ್ನು ತಃಖ್ತೆಯ ರೂಪದಲ್ಲಿ ಪ್ರಕಟಿಸುತ್ತಿವೆ. ಇವು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಆಡಳಿತ ಮಂಡಲಿಯಲ್ಲಿದ್ದು ನಡೆಯಿಸುವ ಸಂಸ್ಥೆಗಳಾದ್ದರಿಂದ, ಸದರಿ ತಃಖ್ತೆಗಳು ಹೇಗಿರಬೇಕೆಂಬ ವಿಷಯದಲ್ಲಿ ಅವರಿಗೆ ಸ್ವಲ್ಪ ತಿಳಿವಳಿಕೆಯಿರುವುದು ಅವಶ್ಯಕ. ಪುಟವನ್ನು ರಚಿಸುವವನು ಪಟ್ಟಣದ ಗುತ್ತಿಗೆದಾರನಾಗಿರಬಹುದು. ಹೀಗೆಯೇ ರಚಿಸಬೇಕೆಂದು ಹೇಳತಕ್ಕವರು ಹಣ ಕೊಡುವವರೇ.

2011ನೇ ಇಸವಿಯ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರೆಂದು ಎಣಿಕೆಯಾದವರ ಸಂಖ್ಯೆ 50,32,463. ಇದಲ್ಲದೆ ವಯಸ್ಸಾದಂತೆಲ್ಲ ಕಣ್ಣಿನ ಪೊರೆಯಿಂದಲೂ, ಸಕ್ಕರೆ ಕಾಯಿಲೆಯಿಂದಲೂ, ಗ್ಲಾಕೋಮಾದಿಂದಲೂ ದೃಷ್ಟಿ ಕುಂದುವವರು ಪ್ರತಿ ಗ್ರಾಮದಲ್ಲಿಯೂ ಇರುತ್ತಾರೆ. ಜಮೀನಿನ ಖಾತೆಯು ಮನೆಯ ಹಿರಿಯರ ಹೆಸರಿನಲ್ಲಿರುವುದು ವಾಡಿಕೆ. ಮಾರಾಟದ ತೀರ್ಮಾನವೂ ಅವರದೇ. ಮಕ್ಕಳು ದೂರದ ಊರುಗಳಲ್ಲಿದ್ದು, ಹಿರಿಯರೇ ವ್ಯವಹಾರ ನೋಡಿಕೊಳ್ಳುವ ಮನೆಗಳೂ ಅಪರೂಪವಲ್ಲ. ಇಂಥವರಿಗೆ ನೆರವಾಗುವುದಕ್ಕೆ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವುಂಟು. ಇದು ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆಂಡ್ರಾಯಿಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಹೆಸರಿನಿಂದ ಇದು ದೊರೆಯುತ್ತದೆ. ಗಣಕಯಂತ್ರಗಳಿಗೆ ಎನ್.ವಿ.ಡಿ.ಎ. ಎಂಬುದೊಂದಿದೆ; ಆಸ್ಟ್ರೇಲಿಯದಲ್ಲಿ ಸ್ವತಃ ಕಣ್ಣು ಕಾಣದವರೊಬ್ಬರು 2006ರಲ್ಲಿ ಇದರ ರಚನೆಯನ್ನು ಆರಂಭಿಸಿದರು. ಇದಕ್ಕೆ ಬೆಲೆಯನ್ನು ಕೊಡಬೇಕಾದ್ದಿಲ್ಲ. ಎರಡೂ ಕನ್ನಡವನ್ನು ಓದಬಲ್ಲವು.

ಈ ಯಂತ್ರದ ಧ್ವನಿಯು ಸಾಧಾರಣ ಬರಹವನ್ನು ಸಾಲು ಸಾಲಾಗಿ ಓದುವಾಗ ವಿಶೇಷ ತೊಂದರೆಯಿಲ್ಲ. ತಃಖ್ತೆ ಬಂದ ಕೂಡಲೆ ಎಡವುತ್ತದೆ. ದೃಷ್ಟಾಂತಕ್ಕಾಗಿ ಒಂದು ಧಾರಣೆಯ ತಃಖ್ತೆಯನ್ನು ತೆಗೆದುಕೊಳ್ಳಬಹುದು (ಅಂಕಿಗಳು ಕಲ್ಪಿತ). ಮೇಲಿನ ಸಾಲಿನಲ್ಲಿ ಬೆಳೆ, ಆವಕ, ಕನಿಷ್ಠ ಧಾರಣೆ, ಗರಿಷ್ಠ ಧಾರಣೆ, ಮಾದರಿ ಧಾರಣೆ ಎಂಬ ಐದು ತಲೆಬರಹಗಳು. ಕೆಳಗೆ ರಾಗಿ, 120, 2600, 3400, 3100 ಎಂದು ಒಂದು ಸಾಲು. ತೊಗರಿ, 85, 6800, 8200, 7600 ಎಂದು ಇನ್ನೊಂದು. ಹೀಗೆಯೇ ಇಪ್ಪತ್ತು ಬೆಳೆಗಳು. ಕಣ್ಣುಳ್ಳವನು 7600 ಎಂಬ ಅಂಕಿಯನ್ನು ನೋಡಿದೊಡನೆ, ದೃಷ್ಟಿಯು ಮೇಲಕ್ಕೆ ಓಡಿ ಮಾದರಿ ಧಾರಣೆಯೆಂದೂ, ಎಡಕ್ಕೆ ಓಡಿ ತೊಗರಿಯೆಂದೂ ಕ್ಷಣಮಾತ್ರದಲ್ಲಿ ತಿಳಿದುಕೊಳ್ಳುತ್ತದೆ. ಕಿವಿಗೆ ಈ ಅನುಕೂಲವಿಲ್ಲ. ಹದಿನೈದನೆಯ ಸಾಲನ್ನು ಕೇಳುತ್ತಿರುವವನಿಗೆ ಬರಿಯ ಅಂಕಿಗಳು ಒಂದರ ಹಿಂದೊಂದು ಬಂದು ಬೀಳುತ್ತವೆ.

ಇದರಿಂದ ಆಗುವ ನಷ್ಟವು ಸಣ್ಣದಲ್ಲ. ಮಾದರಿ ಧಾರಣೆಯೆಂದರೆ ಆ ದಿವಸ ಹೆಚ್ಚು ಮಾಲು ಮಾರಾಟವಾದ ಧಾರಣೆ. ಬೆಳೆಗಾರನು ನಂಬತಕ್ಕದ್ದು ಇದನ್ನೇ. ಗರಿಷ್ಠವನ್ನು ಮಾದರಿಯೆಂದು ಕೇಳಿಸಿಕೊಂಡವನು ಬಾಡಿಗೆಯ ಗಾಡಿಯನ್ನು ಗೊತ್ತುಮಾಡಿ, ಹಮಾಲಿಯನ್ನು ತೆತ್ತು, ಪೇಟೆಗೆ ಹೋದಾಗ ಕ್ವಿಂಟಾಲಿಗೆ ಆರುನೂರು ರೂಪಾಯಿ ಕಡಮೆಯೆಂದು ತಿಳಿಯುತ್ತಾನೆ. ಕನಿಷ್ಠವನ್ನು ಮಾದರಿಯೆಂದು ಭಾವಿಸಿದವನ ಗತಿ ಇನ್ನೂ ಕೆಟ್ಟದ್ದು: ಕಣದ ಬಳಿಗೆ ಬಂದ ವ್ಯಾಪಾರಿ ಏಳು ಸಾವಿರ ಎಂದಾಗ, ಅದೇ ಲಾಭವೆಂದು ಒಪ್ಪಿ ತೊಗರಿಯನ್ನು ಅಳೆದುಕೊಡುತ್ತಾನೆ. ಹತ್ತು ಕ್ವಿಂಟಾಲಿದ್ದರೆ ಒಂದು ತಃಖ್ತೆಯಿಂದ ಹೋದದ್ದು ಆರು ಸಾವಿರ ರೂಪಾಯಿ.

ಹಳೆಯ ಕಾಲದಲ್ಲಿ ಶಾನುಭೋಗರು ಚಾವಡಿಯಲ್ಲಿ ಕುಳಿತು ಲೆಕ್ಕವನ್ನು ಓದಿ ಹೇಳುತ್ತಿದ್ದ ರೀತಿಯನ್ನು ವೃದ್ಧರಿಂದ ಕೇಳಿದವರು ಇದ್ದಾರೆ. ಓದು ಬಾರದ ರೈತನ ಮುಂದೆ ಅವರು ಬರಿಯ ಅಂಕಿಗಳನ್ನು ಹೇಳಿದರೆ ಪ್ರಯೋಜನವೇನು? ಸರ್ವೆ ನಂಬರು ಇಷ್ಟು, ವಿಸ್ತೀರ್ಣ ಇಷ್ಟು, ಕಂದಾಯ ಇಷ್ಟು, ಬಾಕಿ ಇಷ್ಟು ಎಂದು ಒಂದೊಂದು ಅಂಕಿಗೂ ಅದರ ಕಲಮಿನ ಹೆಸರನ್ನು ಸೇರಿಸಿ ಹೇಳಬೇಕು. ಸರಿಯಾಗಿ ರಚಿಸಿದ ಜಾಲಪುಟದಲ್ಲಿ ಸ್ಕ್ರೀನ್ ರೀಡರು ಮಾಡುವುದೂ ಇದನ್ನೇ. ಕೆಟ್ಟದಾಗಿ ರಚಿಸಿದ್ದರಲ್ಲಿ ಅದು ಹೆಸರನ್ನು ಹೇಳಲಾರದು, ಯಾಕೆಂದರೆ ಯಾವುದು ಹೆಸರು ಯಾವುದು ಅಂಕಿ ಎಂಬುದನ್ನು ಅದಕ್ಕೆ ಯಾರೂ ತಿಳಿಸಿರುವುದಿಲ್ಲ.

ತಲೆಬರಹವನ್ನು ತಲೆಬರಹವೆಂದೇ ಗುರುತಿಸುವುದು

ಜಾಲಪುಟಗಳನ್ನು ಬರೆಯುವ ಸಂಕೇತಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಇದರಲ್ಲಿ ತಃಖ್ತೆಯನ್ನು ಬರೆಯುವ ಕ್ರಮವು 1996ರಲ್ಲಿ ಲಿಖಿತರೂಪಕ್ಕೆ ಬಂದು, 1997ನೇ ಜನವರಿಯಲ್ಲಿ ಹೊರಟ 3.2ನೇ ಆವೃತ್ತಿಯಲ್ಲಿ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಟ 4.0ನೇ ಆವೃತ್ತಿಯು ಯಾವ ತಲೆಬರಹ ಯಾವ ಮನೆಗಳಿಗೆ ಸೇರಿದ್ದೆಂದು ಸೂಚಿಸುವ ಗುರುತುಗಳನ್ನೂ ಒದಗಿಸಿತು. ಆದುದರಿಂದ ಇಲ್ಲಿ ಹೇಳುವುದಾವುದೂ ಹೊಸ ಕಟ್ಟಳೆಯಲ್ಲ. ಕಾಲು ಶತಮಾನಕ್ಕೂ ಹಿಂದಿನಿಂದ ಇರತಕ್ಕದ್ದು. ಬಳಸುವುದರಲ್ಲಿಯೇ ಉದಾಸೀನ.

ತಃಖ್ತೆಯ ಪ್ರತಿಯೊಂದು ಮನೆಯನ್ನೂ ಎರಡು ಗುರುತುಗಳಲ್ಲಿ ಒಂದರಿಂದ ಬರೆಯಬೇಕಾಗುತ್ತದೆ. ಅಂಕಿಅಂಶದ ಮನೆಗೆ ಟಿ-ಡಿ ಎಂಬುದು. ತಲೆಬರಹದ ಮನೆಗೆ ಟಿ-ಎಚ್ ಎಂಬುದು. ಅನೇಕ ಗುತ್ತಿಗೆದಾರರು ಎಲ್ಲ ಮನೆಗಳನ್ನೂ ಟಿ-ಡಿಯಿಂದಲೇ ಬರೆದು, ಮೇಲಿನ ಸಾಲನ್ನು ದಪ್ಪಕ್ಷರದಲ್ಲಿಟ್ಟು, ಹಿಂದೆ ಹಸುರು ಬಣ್ಣವನ್ನು ಬಳಿದು ಕೈತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಎರಡಕ್ಕೂ ಭೇದ ತೋರದು. ಜೊಳ್ಳು ತೆನೆಯೂ ದೂರದಿಂದ ನೋಡಿದರೆ ತೆನೆಯೇ. ಕಣಕ್ಕೆ ಬಂದಾಗಲೇ ಬಣ್ಣ ಬಯಲಾಗುವುದು. ಸ್ಕ್ರೀನ್ ರೀಡರಿಗೆ ದಪ್ಪಕ್ಷರವೂ ಬಣ್ಣವೂ ತಲೆಬರಹದ ಗುರುತಲ್ಲ. ಟಿ-ಎಚ್ ಇದ್ದರೆ ಮಾತ್ರ ಅದು ತಲೆಬರಹವೆಂದು ತಿಳಿದು, ಓದುಗನು ಮನೆಯಿಂದ ಮನೆಗೆ ಸಾಗಿದಂತೆ ಅದನ್ನು ಹೇಳುತ್ತದೆ.

ಟಿ-ಎಚ್ ಗುರುತಿನೊಡನೆ ಸ್ಕೋಪ್ ಎಂಬ ವಿಶೇಷಣವನ್ನು ಸೇರಿಸತಕ್ಕದ್ದು. ಮೇಲಿನ ಸಾಲಿನ ತಲೆಬರಹಗಳಿಗೆ ಸ್ಕೋಪ್ ಕಾಲ್ ಎಂದರೆ ಇದು ಕೆಳಗಿನ ಕಲಮಿಗೆಲ್ಲ ಸೇರಿದ್ದೆಂದು ಅರ್ಥ. ಎಡಗಡೆಯ ರಾಗಿ, ತೊಗರಿ ಮೊದಲಾದವುಗಳಿಗೆ ಸ್ಕೋಪ್ ರೋ ಎಂದರೆ ಇದು ಅಡ್ಡಸಾಲಿಗೆ ಸೇರಿದ್ದು. ಎಡಗಡೆಯವೂ ತಲೆಬರಹಗಳೇ ಎಂಬುದನ್ನು ಬಲ್ಲವರೂ ಮರೆಯುವುದುಂಟು. ಇವನ್ನು ಗುರುತಿಸದಿದ್ದರೆ ಕಲಮಿನ ಉದ್ದಕ್ಕೆ ಇಳಿಯುವವನಿಗೆ 3100, 7600 ಎಂದು ಕೇಳಿಸುತ್ತದೆಯೇ ಹೊರತು ಯಾವುದು ರಾಗಿಯದು, ಯಾವುದು ತೊಗರಿಯದು ಎಂಬುದು ತಿಳಿಯುವುದಿಲ್ಲ.

ಮೂರನೆಯದು ಕ್ಯಾಪ್ಷನ್, ಅಂದರೆ ತಃಖ್ತೆಯ ಶಿರೋನಾಮೆ. ಸ್ಕ್ರೀನ್ ರೀಡರು ತಃಖ್ತೆಯನ್ನು ಪ್ರವೇಶಿಸುವಾಗ ಎಷ್ಟು ಸಾಲು, ಎಷ್ಟು ಕಲಂ ಎಂಬುದರೊಂದಿಗೆ ಈ ಶಿರೋನಾಮೆಯನ್ನೂ ಓದುತ್ತದೆ. ಕೇಳುವವನು ಒಳಕ್ಕೆ ಹೋಗಬೇಕೋ ದಾಟಿ ಮುಂದಕ್ಕೆ ಹೋಗಬೇಕೋ ಎಂಬುದನ್ನು ಇದರಿಂದಲೇ ನಿಶ್ಚಯಿಸುತ್ತಾನೆ. ‘ಧಾರಣೆ ವಿವರ’ ಎಂದಷ್ಟೇ ಬರೆದರೆ ಸಾಲದು. ಯಾವ ಮಾರುಕಟ್ಟೆ, ಯಾವ ತಾರೀಖು, ಅಂಕಿಗಳು ಕ್ವಿಂಟಾಲಿಗೆ ಇಷ್ಟು ರೂಪಾಯಿಯೋ ಚೀಲಕ್ಕೆ ಇಷ್ಟೋ, ಇವೆಲ್ಲವೂ ಶಿರೋನಾಮೆಯಲ್ಲಿರತಕ್ಕದ್ದು.

ಕೂಡಿದ ಮನೆಗಳು, ಬರಿದಾದ ಮನೆಗಳು

ಎರಡು ಮೂರು ಮಾರುಕಟ್ಟೆಗಳ ಧಾರಣೆಯನ್ನು ಒಂದೇ ತಃಖ್ತೆಯಲ್ಲಿ ತುಂಬುವ ಆಸೆ ಸಹಜ. ಮೇಲೆ ದಾವಣಗೆರೆ, ಹುಬ್ಬಳ್ಳಿ, ಮೈಸೂರು ಎಂದು ಅಗಲವಾದ ಮನೆಗಳು. ಪ್ರತಿಯೊಂದರ ಕೆಳಗೆ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಮೂರು ಕಲಂ. ಕಾಗದದ ಮೇಲೆ ಇದು ಅಂದವಾಗಿಯೇ ಇರುತ್ತದೆ. ಕಿವಿಗೆ ಮಾತ್ರ ಮೂರು ಸಲ ಬರುವ ‘ಮಾದರಿ’ಯಲ್ಲಿ ಯಾವುದು ಯಾವ ಊರಿನದೆಂಬ ಗೊಂದಲ. ಪ್ರತಿಯೊಂದು ಮನೆಗೂ ಅದರ ತಲೆಬರಹಗಳ ಗುರುತನ್ನು ಹೆಸರಿಸಿ ಜೋಡಿಸುವ ಉಪಾಯವು ಎಚ್.ಟಿ.ಎಂ.ಎಲ್.ನಲ್ಲಿ ಇದ್ದಾಗ್ಯೂ, ದಿನವಹಿ ಕೈಯಿಂದ ಬದಲಾಯಿಸುವ ತಃಖ್ತೆಯಲ್ಲಿ ಒಂದು ಸಾಲು ಸೇರಿಸುವಾಗ ಈ ಜೋಡಣೆ ತಪ್ಪುವುದು ಬಹು ಸುಲಭ. ತಪ್ಪಾಗಿ ಜೋಡಿಸಿದ್ದು ಜೋಡಿಸದೆ ಇರುವುದಕ್ಕಿಂತ ಕೆಟ್ಟದ್ದು, ಧ್ವನಿಯು ಹುಬ್ಬಳ್ಳಿಯ ಧಾರಣೆಯನ್ನು ಮೈಸೂರಿನದೆಂದು ಧೈರ್ಯವಾಗಿ ಹೇಳಿಬಿಡುತ್ತದೆ. ಊರಿಗೊಂದು ತಃಖ್ತೆ, ಒಂದೊಂದಕ್ಕೂ ಅದರದೇ ಶಿರೋನಾಮೆ: ಇದೇ ಮೇಲು. ಜಾಲಪುಟದಲ್ಲಿ ಕಾಗದದ ಖರ್ಚೇನೂ ಇಲ್ಲ.

ಆವಕವಿಲ್ಲದ ದಿವಸ ಮನೆಯನ್ನು ಬರಿದಾಗಿ ಬಿಡುವುದೂ, ಒಂದು ಅಡ್ಡಗೆರೆಯನ್ನು ಎಳೆಯುವುದೂ ವಾಡಿಕೆ. ಅಡ್ಡಗೆರೆಯನ್ನು ಕೆಲವು ಧ್ವನಿಗಳು ಓದುವುದೇ ಇಲ್ಲ. ಸೊನ್ನೆಯನ್ನು ಹಾಕಿದರೆ ಧಾರಣೆಯೇ ಸೊನ್ನೆಯೆಂದಾಗುತ್ತದೆ. ‘ಆವಕವಿಲ್ಲ’ ಎಂದು ಬರೆಯತಕ್ಕದ್ದು. ಹಾಗೆಯೇ ಧಾರಣೆ ಇಳಿದದ್ದನ್ನು ಕೆಂಪು ಬಣ್ಣದಿಂದಲೂ ಏರಿದ್ದನ್ನು ಹಸುರಿನಿಂದಲೂ ಮಾತ್ರ ತೋರಿಸಿದರೆ ಕುರುಡರಿಗಷ್ಟೇ ಅಲ್ಲ, ಈ ಎರಡು ಬಣ್ಣಗಳ ಭೇದ ಕಾಣದವರಿಗೂ ವ್ಯರ್ಥ. ಇಳಿಕೆ, ಏರಿಕೆ ಎಂಬ ಮಾತುಗಳೂ ಜೊತೆಗಿರಬೇಕು.

ಎಕರೆ ಗುಂಟೆಗಳ ಲೆಕ್ಕ

ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ವಿಷಯ ಒಂದುಂಟು. ಪಹಣಿಯನ್ನು ಬಲ್ಲವರಿಗೆ ಕಲಮಿನ ಮಹತ್ವವನ್ನು ಹೇಳಬೇಕಾದ್ದಿಲ್ಲ: ಒಂಬತ್ತನೆಯ ಕಲಮಿನಲ್ಲಿ ಇರುವ ಹೆಸರು ಮಾಲೀಕನದು, ಹನ್ನೊಂದನೆಯದರಲ್ಲಿ ಇರುವುದು ಋಣದ ವಿವರ, ಒಂದರದನ್ನು ಇನ್ನೊಂದರದೆಂದು ಓದಿದರೆ ಆಗುವ ಅನರ್ಥ ಎಲ್ಲರಿಗೂ ಗೊತ್ತು. ವಿಸ್ತೀರ್ಣದ ಕಲಮಿನಲ್ಲಿ ಮಾತ್ರ ಕಲಮಿನ ಹೆಸರು ಸರಿಯಾಗಿದ್ದರೂ ಸಾಲದು.

ಎರಡು ಎಕರೆ ಹತ್ತು ಗುಂಟೆಯನ್ನು 2-10 ಎಂದು ಬರೆಯುವುದು ಬಹಳ ಹಿಂದಿನಿಂದ ಬಂದ ರೂಢಿ. ಧ್ವನಿಯು ಇದನ್ನು ಎರಡು ಹತ್ತು ಎಂದೋ, ಎರಡರಿಂದ ಹತ್ತರವರೆಗೆ ಎಂದೋ ಓದಬಹುದು. 2.10 ಎಂದು ಬರೆದರೆ ಎರಡು ದಶಾಂಶ ಒಂದು ಸೊನ್ನೆ ಎನ್ನುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ದಶಾಂಶದ ಲೆಕ್ಕದಲ್ಲಿ 2.10 ಎಕರೆಯೆಂದರೆ ಎರಡು ಎಕರೆ ನಾಲ್ಕು ಗುಂಟೆ. ಕೇಳಿದವನಿಗೆ ಆರು ಗುಂಟೆ ಕಡಮೆ. ಲೆಕ್ಕ ಹಾಕುವ ತಂತ್ರಾಂಶದಲ್ಲಿ ಇದೇ ಅಂಕಿಯನ್ನು ಇಟ್ಟರೆ ಅದು ಕೊನೆಯ ಸೊನ್ನೆಯನ್ನು ನಿಷ್ಪ್ರಯೋಜಕವೆಂದು ತೆಗೆದುಹಾಕಿ 2.1 ಎಂದು ತೋರಿಸುವುದುಂಟು. ಆಗ ಹತ್ತು ಗುಂಟೆಯು ಒಂದು ಗುಂಟೆಯಂತೆ ಕಾಣುತ್ತದೆ. ಮೀಜಾನಿನಲ್ಲಿಯೂ ಅಷ್ಟೇ: ಎರಡು ಎಕರೆ ಮೂವತ್ತು ಗುಂಟೆಗೆ ಒಂದು ಎಕರೆ ಇಪ್ಪತ್ತು ಗುಂಟೆಯನ್ನು ಕೂಡಿದರೆ ನಾಲ್ಕು ಎಕರೆ ಹತ್ತು ಗುಂಟೆಯಾಗಬೇಕು, ಯಂತ್ರವು 3.50 ಎನ್ನುತ್ತದೆ. ಎಕರೆಗೊಂದು ಕಲಂ, ಗುಂಟೆಗೊಂದು ಕಲಂ ಇಟ್ಟು, ಎರಡಕ್ಕೂ ಬೇರೆ ಬೇರೆ ತಲೆಬರಹವನ್ನು ಕೊಟ್ಟರೆ ಈ ತೊಂದರೆಗಳೆಲ್ಲ ಒಟ್ಟಿಗೆ ಹೋಗುತ್ತವೆ. ಇದು ಕಣ್ಣುಳ್ಳವರಿಗೂ ಉಪಕಾರವೇ.

ಅಕ್ಷರಗಳ ವಿಷಯವೂ ಇಂಥದೇ. ಹಳೆಯ ಕಡತಗಳು ಅನೇಕವು ಯೂನಿಕೋಡ್ ಅಲ್ಲದ ಅಕ್ಷರಕ್ರಮದಲ್ಲಿವೆ. ಇವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕನ್ನಡವೆಂಬುದು ಮೇಲಿನ ವೇಷ. ಸ್ಕ್ರೀನ್ ರೀಡರು ಒಳಗಿರುವುದನ್ನೇ ಓದುವುದರಿಂದ ‘ರಾಗಿ’ಯ ಬದಲಿಗೆ ಅರ್ಥವಿಲ್ಲದ ಕೂಗು ಕೇಳಿಸುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡಿನಲ್ಲಿ ಬರೆಯುವ ಅನುಕೂಲ ಇದೆ. ಹಳೆಯ ಕಡತವನ್ನು ಮಾರ್ಪಡಿಸುವುದೂ ಸಾಧ್ಯ. ಪುಟದ ಆರಂಭದಲ್ಲಿ ಭಾಷೆ ಕನ್ನಡವೆಂಬುದನ್ನು ಲ್ಯಾಂಗ್ ಎಂಬ ವಿಶೇಷಣದಿಂದ ತಿಳಿಸಿರಬೇಕು. ಇಲ್ಲದಿದ್ದರೆ ಇಂಗ್ಲಿಷಿನ ಧ್ವನಿಯು ಕನ್ನಡವನ್ನು ಓದಲು ಹೊರಡಬಹುದು. ಕ್ವಿಂ., ಎ., ಗುಂ. ಎಂಬ ಹ್ರಸ್ವರೂಪಗಳನ್ನು ಬಿಟ್ಟು ಪೂರ್ಣವಾಗಿ ಬರೆಯುವುದು ಒಳ್ಳೆಯದು.

ಚಿತ್ರವಾಗಿಸಿದ ತಃಖ್ತೆ ಮತ್ತು ಕಿರಿದಾದ ತೆರೆ

ಬರೆದ ತಃಖ್ತೆಯ ಭಾವಚಿತ್ರವನ್ನು ತೆಗೆದು ಪುಟಕ್ಕೆ ಅಂಟಿಸುವುದು ಎಲ್ಲ ತಪ್ಪುಗಳಿಗಿಂತ ದೊಡ್ಡದು. ಮುದ್ರೆ ಸಹಿಗಳಿರುವ ಕಾಗದವನ್ನು ಸ್ಕ್ಯಾನ್ ಮಾಡಿ ಪಿ.ಡಿ.ಎಫ್. ಆಗಿ ಹಾಕುವುದೂ ಇದೇ ಜಾತಿ. ಚಿತ್ರದಲ್ಲಿ ಸಾಲೂ ಇಲ್ಲ, ಕಲಮೂ ಇಲ್ಲ; ಬರಿಯ ಬಣ್ಣದ ಚುಕ್ಕೆಗಳು. ಸಹಿಯ ಪ್ರತಿ ಬೇಕಾದರೆ ಇರಲಿ, ಅದರ ಪಕ್ಕದಲ್ಲಿ ನಿಜವಾದ ತಃಖ್ತೆಯೂ ಇರಲಿ.

ಫೋನಿನ ಕಿರಿದಾದ ತೆರೆಯಲ್ಲಿ ಐದು ಕಲಂ ಹಿಡಿಸುವುದಿಲ್ಲವೆಂದು ರಚನಕಾರರು ಶೈಲಿಯ ನಿಯಮಗಳಿಂದ ಸಾಲುಗಳನ್ನು ಒಡೆದು ಚೀಟಿಗಳಂತೆ ಒಂದರ ಕೆಳಗೊಂದು ಜೋಡಿಸುವುದುಂಟು. ಹೀಗೆ ಮಾಡುವಾಗ ಕೆಲವು ಬ್ರೌಸರುಗಳು ಅದನ್ನು ತಃಖ್ತೆಯೆಂದೇ ಪರಿಗಣಿಸದೆ ಬಿಡುತ್ತವೆ. ಟಿ-ಎಚ್, ಸ್ಕೋಪ್ ಎಲ್ಲ ಇದ್ದೂ ಇಲ್ಲದಂತಾಗುತ್ತದೆ. ತಃಖ್ತೆಯನ್ನು ಹಾಗೆಯೇ ಇಟ್ಟು ಪಕ್ಕಕ್ಕೆ ಸರಿಸಿ ನೋಡುವಂತೆ ಮಾಡುವುದೇ ಕ್ಷೇಮ. ಕಲಮುಗಳನ್ನು ಕಡಮೆ ಮಾಡಿದರೆ ಇನ್ನೂ ಒಳ್ಳೆಯದು. ಷರಾ ಎಂಬ ಕಲಮನ್ನು ಎಲ್ಲ ತಃಖ್ತೆಗಳಿಗೂ ತಪ್ಪದೆ ಇಡುವ ಅಭ್ಯಾಸವು ಕಾಗದದ ಕಾಲದ್ದು, ಅದರಲ್ಲಿ ಬರೆಯುವುದು ಅಪರೂಪ.

ಶಾಸನದ ವಿಷಯ

2016ನೇ ಇಸವಿಯ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೇ ಪ್ರಕರಣವು ವಿದ್ಯುನ್ಮಾನ ಮಾಧ್ಯಮದಲ್ಲಿರುವ ವಿಷಯಗಳು ಅಂಗವಿಕಲರಿಗೂ ದೊರೆಯುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯು 2009ರಲ್ಲಿಯೇ ಹೊರಟು, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. 2025ನೇ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಬಳಕೆಯ ಅವಕಾಶವು ಸಂವಿಧಾನದ 21ನೇ ಅನುಚ್ಛೇದದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಗ್ರಾಮ ಪಂಚಾಯಿತಿಯ ಮುಖ್ಯಸ್ಥರು ಜಾಲಪುಟದ ಗುತ್ತಿಗೆಯ ಕರಾರಿನಲ್ಲಿ ತಲೆಬರಹಗಳ ಗುರುತು, ಶಿರೋನಾಮೆ, ಯೂನಿಕೋಡ್ ಈ ಮೂರನ್ನೂ ಷರತ್ತುಗಳಾಗಿ ಬರೆಯಿಸತಕ್ಕದ್ದು. ಆರಂಭದಲ್ಲಿಯೇ ಮಾಡಿಸಿದರೆ ಇದರಿಂದ ಹೆಚ್ಚುವ ಕೆಲಸ ಅಲ್ಪ. ನೂರಾರು ಪುಟಗಳಾದ ಮೇಲೆ ತಿದ್ದಿಸುವುದು ಹೊಲದಲ್ಲಿ ಕಳೆ ಬೀಜಕಟ್ಟಿದ ಮೇಲೆ ಕೀಳಿಸಿದಂತೆ.

ಪರೀಕ್ಷಿಸುವ ಬಗೆ

ಕೆಲಸವನ್ನು ಒಪ್ಪಿಕೊಳ್ಳುವ ಮುಂಚೆ ಕಿವಿಯಿಂದ ಪರೀಕ್ಷಿಸಬೇಕು. ಸಂಘದ ಕಚೇರಿಯ ಗಣಕಯಂತ್ರದಲ್ಲಿ ಎನ್.ವಿ.ಡಿ.ಎ.ಯನ್ನು ಹಾಕಿಕೊಂಡು, ಪುಟವನ್ನು ತೆರೆದು, ಟಿ ಎಂಬ ಕೀಲಿಯನ್ನು ಒತ್ತಿದರೆ ಅದು ಮುಂದಿನ ತಃಖ್ತೆಗೆ ಹೋಗುತ್ತದೆ. ಹೋಗದಿದ್ದರೆ ಪುಟದಲ್ಲಿರುವುದು ತಃಖ್ತೆಯಲ್ಲ, ಅದರ ಚಿತ್ರ ಅಥವಾ ವೇಷ. ಬಳಿಕ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಹಿಡಿದು ಬಾಣದ ಕೀಲಿಗಳಿಂದ ಮನೆಯಿಂದ ಮನೆಗೆ ಸಾಗಬಹುದು. ಪಕ್ಕಕ್ಕೆ ಸಾಗಿದಾಗ ಕಲಮಿನ ಹೆಸರೂ, ಕೆಳಕ್ಕೆ ಇಳಿದಾಗ ಬೆಳೆಯ ಹೆಸರೂ ಕೇಳಿಸಬೇಕು. ಫೋನಿನಲ್ಲಿ ಟಾಕ್‌ಬ್ಯಾಕನ್ನು ಪರೀಕ್ಷಿಸುವವರು ಅದನ್ನು ನಿಲ್ಲಿಸುವ ಬಗೆಯನ್ನು ಮೊದಲೇ ತಿಳಿದಿರತಕ್ಕದ್ದು; ಅದು ನಡೆಯುತ್ತಿರುವಾಗ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ, ಅಭ್ಯಾಸವಿಲ್ಲದವರಿಗೆ ಫೋನೇ ಕೆಟ್ಟಿತೆಂದು ತೋರುವುದುಂಟು.

ಇದಕ್ಕಿಂತ ಉತ್ತಮವಾದ ಪರೀಕ್ಷೆ ಗ್ರಾಮದಲ್ಲಿಯೇ ದೊರೆಯುತ್ತದೆ. ದೃಷ್ಟಿ ಕುಂದಿದ, ಸ್ಕ್ರೀನ್ ರೀಡರಿನ ಅಭ್ಯಾಸವುಳ್ಳ ಸದಸ್ಯರೊಬ್ಬರನ್ನು ಕೂರಿಸಿ, ತಃಖ್ತೆಯ ನಡುವಿನ ಯಾವುದಾದರೂ ಮನೆಯಲ್ಲಿ ನಿಲ್ಲಿಸಿ, ಇದು ಯಾವ ಬೆಳೆ, ಯಾವ ಧಾರಣೆ, ಯಾವ ತಾರೀಖಿನದು ಎಂದು ಕೇಳಬೇಕು. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಗುತ್ತಿಗೆದಾರನಿಗೆ ಹಣವನ್ನು ಪಾವತಿ ಮಾಡಬಹುದು.